ಸೋಮವಾರದ ಸವಾರ

ಏರು ಮುಗಿಯುವ ಮೊದಲೇ ಸಂಗಮೇಶ್ ಸೈಕಲ್ ಮೇಲೆ ಕೂತಂತೆಯೇ ಗಂಟಲನ್ನು ಪಾತಾಳಕ್ಕಿಳಿಸಿ, ಮಾವನಾಗಬೇಕಾದವರ ದನಿ ತೆಗೆದ.

“ಹ್ಞೂಂ... ಏನಪ್ಪಾ... ಸೈಕಲ್ ತುಳಿಯೋದೂ ಒಂದು ಉದ್ಯೋಗವೇನಪ್ಪಾ? ನನ್ನ ಮಗಳನ್ನ ನೀನು ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಹೋಗ್ತೀಯೋ, ಇಲ್ಲಾ ಅವಳೇ ನಿನ್ನ ಕೂರಿಸ್ಕೊಂಡು ಹೋಗ್ಬೇಕೋ?”

ಹಿಂದೆ ಬರುತ್ತಿದ್ದ ಗಿರಾಕಿ ಗಕ್ಕನೆ ಬ್ರೇಕ್ ಹಿಡಿದರು. ಅರವತ್ತರ ಆಸುಪಾಸು, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದು ತೋರಿಸಿದರು: ‘ಯಾರ ದನಿ ಇದು?’

ಅವರು ಮಾತಾಡುವಂತಿರಲಿಲ್ಲ. ಬೆಳಿಗ್ಗೆ ಗುಬ್ಬಿಯಲ್ಲಿ ಸಿಕ್ಕಾಗಲೇ ಮೊದಲ ಹಾಳೆ ತೋರಿಸಿದ್ದರು: ‘ಹೆಸರು ಕರಿಬಸವಯ್ಯ. ಸೋಮವಾರ ಮೌನವ್ರತ. ಸೂರ್ಯ ಮುಳುಗಿದ ಮೇಲೆ ಮಾತು.’ ಸಂಗಮೇಶನಿಗೆ ಕುಣಿಯುವಷ್ಟು ಖುಷಿ. ಹೈವೇ ಬಿಟ್ಟು, ತೆಂಗಿನ ತೋಟಗಳ ಸಂದಿಯ ದಾರಿಯಲ್ಲೇ ಗುಬ್ಬಿಯಿಂದ ಕುಣಿಗಲ್‌ವರೆಗೆ ಜನರನ್ನು ಕರೆದೊಯ್ಯುವ ಅವನ ಉದ್ಯೋಗಕ್ಕೆ ‘ಸದ್ದಿಲ್ಲದ ಸವಾರಿ’ ಎಂದು ಹೆಸರು. ಬೋರ್ಡಿಗೆ ತಕ್ಕ ಗಿರಾಕಿ ಕೊನೆಗೂ ಸಿಕ್ಕಿದ್ದರು. ಸದ್ದು ಮಾಡುವುದೆಲ್ಲ ಬೋರ್ಡಿನ ಮಾಲೀಕನೇ.

ಇವತ್ತಂತೂ ಅವನ ನಾಲಿಗೆಗೆ ಬ್ರೇಕೇ ಇರಲಿಲ್ಲ. ಕಾರಣ ಮಾಲಿನಿ. ಕುಣಿಗಲ್‌ನ ಹೈಸ್ಕೂಲ್ ಟೀಚರು. ಹೋದ ವರ್ಷ ಸವಾರಿಗೆಂದು ಬಂದವಳು ಮೊದಲ ಏರಿನಲ್ಲೇ ಅವನನ್ನು ಹಿಂದೆ ಹಾಕಿ, ತಿರುಗಿಯೂ ನೋಡದೆ ಹೋಗಿದ್ದಳು. ಪೆಡಲ್ ತುಳಿಯುವವನಿಗೆ ಸಪ್ತಪದಿ ತುಳಿಯುವ ಆಸೆ ಹುಟ್ಟಿದ್ದು ಅಲ್ಲೇ. ಅವಳೂ ಒಪ್ಪಿದ್ದಳು. ಒಪ್ಪಬೇಕಾಗಿದ್ದವರು ಅವಳ ತಂದೆ ಮಹಾಲಿಂಗಯ್ಯ. “ಅಪ್ಪ ಬೇಡ ಅಂದ್ರೆ ಬೇಡ. ಸೋಮವಾರ ಸಾಯಂಕಾಲ ಹೇಳ್ತಾರೆ” ಎಂದಿದ್ದಳು ಮಾಲಿನಿ. ಆ ಸೋಮವಾರ ಇದೇ.

“ನಮ್ಮ ಮಾವ ಆಗ್ಬೇಕಾದವ್ರ ದನಿ ಸರ್,” ಎಂದ ಸಂಗಮೇಶ್. “ಮುಖ ನೋಡಿಲ್ಲ. ನಾಲ್ಕು ಸಲ ಫೋನ್ ಮಾಡವ್ರೆ, ಅದೂ ಸರಿಯಾಗಿ ಮಧ್ಯಾಹ್ನ ಊಟದ ಹೊತ್ತಿಗೆ. ಮಾತಿನ ಮಧ್ಯೆ ಉಸಿರು ಕಟ್ಟುತ್ತೆ. ಪಾಪ, ಉಬ್ಬಸ ಇರ್ಬೇಕು.”

ಕರಿಬಸವಯ್ಯ ಅವನನ್ನೇ ದಿಟ್ಟಿಸಿದರು. ‘ನಾಲ್ಕು ಸಲವಾ?’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಆಮೇಲೆ: ‘ಇನ್ನೊಮ್ಮೆ ಮಾಡಿ.’

ಸಂಗಮೇಶ್ ಇನ್ನೊಮ್ಮೆ ಮಾಡಿದ, ಈ ಸಲ ಉಬ್ಬಸವನ್ನೂ ಸೇರಿಸಿ. ಮುದುಕರ ಭುಜ ಕುಲುಕಿತು. ಕನ್ನಡಕ ಎತ್ತಿ ಕಣ್ಣೊರೆಸಿಕೊಂಡರು.

ಮುಂದಿನ ತಿರುವಿನಲ್ಲಿ ರಸ್ತೆ ಮಾಯವಾಗಿತ್ತು. ಉದ್ದಕ್ಕೂ ಹುರುಳಿ ಹರವಿ, ಪಕ್ಕದಲ್ಲಿ ನರಸಿಂಹಮ್ಮ ಎಂಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಬನ್ರಪ್ಪಾ ಬನ್ನಿ! ಬೆಳಿಗ್ಗೆಯಿಂದ ಒಂದ್ ಗಾಡಿ ಬಂದಿಲ್ಲ ಈ ಹಾಳು ರೋಡಲ್ಲಿ. ನೀವಾದ್ರೂ ನಾಲ್ಕ್ ಸಲ ತುಳುದ್ಬುಡಿ, ಕಾಳು ಉದುರ್ಲಿ!”

“ಅಜ್ಜಿ, ಇದು ಸೈಕಲ್ಲು, ಟ್ರ್ಯಾಕ್ಟರ್ ಅಲ್ಲ.”

“ಮೇಲೆ ನೀನು ಕೂತಿದ್ದೀಯಲ್ಲ, ಭಾರ ಸಾಕ್ ಬುಡು!”

ಸಂಗಮೇಶ್ ಬಾಯಲ್ಲೇ ಬಸ್ಸಿನ ಹಾರನ್ ಹೊಡೆದು, “ರೈಟ್, ರೈಟ್, ಹುರುಳಿ ಸ್ಟಾಪ್ ಯಾರ್ರೀ ಇಳಿಯೋರು?” ಎಂದು ಕಂಡಕ್ಟರಾದ. ಕರಿಬಸವಯ್ಯ ಎಳೆ ಹುಡುಗನಂತೆ ಸುತ್ತು ಹೊಡೆದದ್ದೇ ಹೊಡೆದದ್ದು. ಚಟಚಟ ಕಾಳು ಸಿಡಿಯಿತು.

ಅಜ್ಜಿ ಅವರನ್ನೇ ನೋಡುತ್ತಾ, “ಕುಣಿಗಲ್ ಕಡೆಯೋರಲ್ವಾ ಸ್ವಾಮಿ ನೀವು?” ಎಂದಳು.

ಅವರು ತಲೆಯಾಡಿಸಿದರು. ಹೌದು.

ಸಂಗಮೇಶನ ಎದೆಯ ಗಾಳಿ ಟುಸ್ಸೆಂದಿತು. ಕುಣಿಗಲ್. ಈ ವಯಸ್ಸು. ಮುಖ ತೋರಿಸದ ಕನ್ನಡಕ. ‘ಇನ್ನೊಮ್ಮೆ ಮಾಡಿ.’ ಅಯ್ಯೋ ಶಿವನೇ, ಮಾವನ ಮುಂದೆಯೇ ಮಾವನನ್ನು ಅಣಕಿಸಿಬಿಟ್ಟೆನಾ?

ಮುಂದಿನ ಐದು ಕಿಲೋಮೀಟರು ಅವನು ಗುಂಡಿ ಕಂಡಲ್ಲೆಲ್ಲ ಕೈ ತೋರಿಸಿ ಎಚ್ಚರಿಸಿದ. ಎಳನೀರು ಕೊಚ್ಚಿಸಿ ಎರಡೂ ಕೈಯಲ್ಲಿ ಹಿಡಿದುಕೊಟ್ಟ. ಕೊನೆಗೆ ತಡೆಯಲಾರದೆ ಕೇಳಿದ:

“ಸರ್, ಈ ಮೌನ... ಯಾವಾಗ್ಲಾದ್ರೂ ತಪ್ಪಿದ್ದುಂಟಾ? ಹೋದ ವಾರ, ಅರ್ಜೆಂಟ್ ಫೋನು ಗೀನು...”

ಅವರು ಬರೆದರು: ‘ಇಪ್ಪತ್ತೆರಡು ವರ್ಷ. ಸೋಮವಾರ ಹಗಲಲ್ಲಿ ಒಂದು ಮಾತೂ ಇಲ್ಲ. ಶಿವನಾಣೆ.’

ಸಂಗಮೇಶ್ “ಹುರ್ರೇ!” ಎಂದು ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿದ. ಮಹಾಲಿಂಗಯ್ಯ ನಾಲ್ಕನೇ ಸಲ ಫೋನ್ ಮಾಡಿ ಕಾಲು ಗಂಟೆ ಕೊರೆದದ್ದು ಹೋದ ಸೋಮವಾರ, ಮಟಮಟ ಮಧ್ಯಾಹ್ನ! ಅಂದಮೇಲೆ ಇವರು ಅವರಲ್ಲ.

“ಯಾಕೆ?” ಎಂಬಂತೆ ಮುದುಕರು ಹುಬ್ಬೇರಿಸಿದರು. ಅವನು ಕಾರಣವನ್ನೆಲ್ಲ ಬಾಯಿಬಿಟ್ಟು ಹೇಳಿದ. ‘ಹೋದ ಸೋಮವಾರವಾ?’ ಎಂದು ಬರೆದವರು ಹಾಳೆ ಹರಿಯುವಷ್ಟು ಗೆರೆ ಎಳೆದರು. ಅಲ್ಲಿಂದಾಚೆ ಸಂಗಮೇಶನಿಗೆ ತಡೆಯಿಲ್ಲ. ಮಾವ ಕೆಮ್ಮಿದ, ಮಾವ ಗದರಿದ, ಮಾವ ಧಾರೆ ಎರೆಯುತ್ತಾ ಬಿಕ್ಕಳಿಸಿದ. ದಾರಿಬದಿಯ ಎಮ್ಮೆಯೊಂದು ಮೇವು ಬಿಟ್ಟು ನೋಡಿತು.

ಕುಣಿಗಲ್ ಕೆರೆಯ ಏರಿ ಮುಟ್ಟಿದಾಗ ಸೂರ್ಯ ನೀರಿಗಿಳಿಯುತ್ತಿದ್ದ. ಕರಿಬಸವಯ್ಯ ಹೆಲ್ಮೆಟ್ ತೆಗೆದು, ಪಡುವಣಕ್ಕೆ ಕೈಮುಗಿದು ನಿಂತರು. ಕೊನೆಯ ಕೆಂಪು ಚೂರೂ ಅಳಿಸಿತು. ಅದೇ ಕ್ಷಣಕ್ಕೆ ಸಂಗಮೇಶನ ಫೋನು ರಿಂಗಾಯಿತು.

“ಹ್ಞೂಂ... ಏನಪ್ಪಾ... ತೀರ್ಮಾನ ಕೇಳೋಕೆ ಧೈರ್ಯ ಇದೆಯೇನಪ್ಪಾ?” ಪಾತಾಳದ ದನಿ. ಮಧ್ಯೆ ಉಸಿರು ಕಟ್ಟಿತು.

“ಹೇ... ಹೇಳಿ ಸಾರ್,” ಎಂದ ಸಂಗಮೇಶ್. ಇದ್ದ ಹಾಸ್ಯವೆಲ್ಲ ಬೆವರಾಗಿ ಇಳಿಯಿತು.

ಪಕ್ಕದಿಂದ ಕೈಯೊಂದು ಬಂದು ಫೋನ್ ತೆಗೆದುಕೊಂಡಿತು. ಮೌನವ್ರತಿಯ ದಿನದ ಮೊದಲ ಮಾತು ಹೊರಬಿತ್ತು. ಅದೇ ಪಾತಾಳದ ದನಿ, ಉಬ್ಬಸ ಮಾತ್ರ ಇಲ್ಲ:

“ಮಾಲಿನೀ, ನನ್ನ ಕರಿಬಸವಯ್ಯನ ವೇಷವೂ ಸಾಕು, ನಿನ್ನ ನಾಟಕವೂ ಸಾಕು, ಫೋನ್ ಇಡಮ್ಮ. ನನ್ನ ದನಿ ನಿನಗಿಂತ ಈ ಹುಡುಗನೇ ಚೆನ್ನಾಗಿ ತೆಗೀತಾನೆ, ನಾನು ಒಪ್ಪಿದೀನಿ.”