ಮೊರದಲ್ಲಿದ್ದ ಕಾರ್ಬುರೇಟರ್

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುವಾಗಲೆಲ್ಲ ಎಪ್ಪತ್ತರ ದಶಕದ ಆ ಆಯುಧಪೂಜೆ ನೆನಪಾಗುತ್ತದೆ.

ರಾಜಾಜಿನಗರದ ಮನೆಯಂಗಳದಲ್ಲಿ ಅಪ್ಪ ಹಳೆಯ ಅಮೆರಿಕನ್ ಕಾರೊಂದನ್ನು ರಿಪೇರಿ ಮಾಡುತ್ತಿದ್ದರು. ಅಂದು ಕಾರ್ಬುರೇಟರಿನ ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿಟ್ಟು, “ಯಾರೂ ಮುಟ್ಟದ ಹಾಗೆ ನೋಡ್ಕೋ ಪುಟ್ಟಿ. ಸಾಲು ತಪ್ಪಿದ್ರೆ ಮತ್ತೆ ಜೋಡ್ಸಕ್ಕಾಗಲ್ಲ” ಎಂದು ಹೇಳಿ ಪೇಟೆಗೆ ಹೋದರು.

ಅಜ್ಜಿ ಬಂದವರೇ ಎಲ್ಲವನ್ನೂ ಬಕೆಟ್ಟಿಗೆ ಬಾಚಿದರು. “ಜಿಡ್ಡು ಸಾಮಾನಿಗೆ ಯಾರಾದ್ರೂ ಪೂಜೆ ಮಾಡ್ತಾರೇನೇ?”

“ಅಪ್ಪ ಬೈತಾರೆ ಅಜ್ಜಿ!”

“ನಿಮ್ಮಪ್ಪನ್ನ ಹೆತ್ತೋಳು ನಾನು ಕಣೇ.”

ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ಭಾಗಗಳು ಮೊರದ ತುಂಬ ರಾಶಿಯಾಗಿ ಹೊಳೆದವು. ಒಂದೊಂದಕ್ಕೂ ಅಜ್ಜಿ ಕುಂಕುಮವಿಟ್ಟರು. ನಾನು ಖಾಲಿ ಪೇಪರ್ ಹಿಡಿದು ನಿಂತಿದ್ದೆ.

ಅಪ್ಪ ಬಂದು ಮೊರವನ್ನು ನೋಡಿದರು, ನನ್ನನ್ನು ನೋಡಿದರು. “ಚೆನ್ನಾಗಿದೆಯಮ್ಮ” ಎಂದು ಅಜ್ಜಿಗೆ ಹೇಳಿ ಮಂಗಳಾರತಿ ತೆಗೆದುಕೊಂಡರು. ಆಮೇಲೆ ಮೆಲ್ಲಗೆ ಬಾನೆಟ್ ಮುಚ್ಚಿ, ಅದರ ಮೇಲೊಂದು ಹೂವಿಟ್ಟರು.