ರೆಕ್ಕೆಯ ಕೆಳಗೆ

“ಕೆಳಗೆ ಹೇಗಿದೆ?” ಮೇಷ್ಟ್ರು ಕೇಳಿದರು.

“ಸದ್ದಿಲ್ಲ ಸರ್. ಇಡಲಿ,” ಎಂದಳು ಅವಳು. ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೊಣಕಾಲು ಮಡಚಿ, ರೆಕ್ಕೆಯ ನಟ್ಟನಡುವಿನ ಜೋಡಣೆಯ ಕೆಳಗೆ ಕೂತಿದ್ದಳು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಇವತ್ತು ರೆಕ್ಕೆಯನ್ನು ಬೋರಲು ಹಾಕಿ, ಮೇಲೆ ಮರಳಿನ ಚೀಲ ಹೇರುತ್ತಿದ್ದರು. ನಿದ್ದೆ ಬಂದ ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ ಒಂದೊಂದೇ ಚೀಲ ಇಳಿಯುತ್ತಿತ್ತು. ಪ್ರತಿ ಚೀಲಕ್ಕೂ ರೆಕ್ಕೆಯ ಎರಡು ತುದಿಗಳು ನೆಲದ ಕಡೆಗೆ ಇನ್ನಷ್ಟು ಬಾಗುತ್ತಿದ್ದವು.

ಬಿಸಿಲೊಂದನ್ನೇ ನಂಬಿ ಹಾರಬೇಕಾದ ವಿಮಾನ. ಬಿಸಿಲು ಕೊಡುವ ಶಕ್ತಿ ಅಷ್ಟಕ್ಕಷ್ಟೆ. ಆದ್ದರಿಂದ ಎಲ್ಲವೂ ಹಗುರ, ರೆಕ್ಕೆಯೂ ಹಗುರ, ಹಾರಿಸುವವನೂ ಹಗುರ. ಅದನ್ನು ಕಟ್ಟುತ್ತಿದ್ದ ವಿದ್ಯಾರ್ಥಿಗಳ ತಂಡದಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಲು ಕಲಿತವರು ಇಬ್ಬರಿದ್ದರು. ಇಬ್ಬರಲ್ಲಿ ತೆಳ್ಳಗಿದ್ದವನು ಅವಳ ತಮ್ಮ. ಎಲ್ಲರೂ ಅವನನ್ನು ಪೈಲ್ವಾನ ಎನ್ನುತ್ತಿದ್ದರು. “ಇವನನ್ನ ತೂಗೋಕೆ ತಕ್ಕಡಿ ಯಾಕೆ, ಬಾಗಿಲು ತೆಗೆದಿಡಿ, ಗಾಳಿಗೆ ಎಷ್ಟು ದೂರ ಹೋಗ್ತಾನೆ ನೋಡೋಣ,” ಎಂದು ತಂಡದ ಕ್ಯಾಪ್ಟನ್ ಹುಡುಗಿ ರೇಗಿಸುತ್ತಿದ್ದಳು. ತಮ್ಮನೂ ಎಲ್ಲರೊಂದಿಗೆ ಸೇರಿ ನಗುತ್ತಿದ್ದ. ನಗು ಬಾರದಿದ್ದವಳು ಅಕ್ಕ ಒಬ್ಬಳೇ.

ಆ ವರ್ಕ್‌ಶಾಪಿನಲ್ಲಿ ಮೇಷ್ಟ್ರು ಹಾಕಿದ ಕಟ್ಟಳೆಯೊಂದಿತ್ತು. ಜೋಡಣೆಗೆ ಅಂಟು ಹಚ್ಚಿದವರೇ ಅದರ ಕೆಳಗೆ ಕೂತು ಸದ್ದು ಕೇಳಬೇಕು. ಅವರು ಸಾಕು ಎಂದರೆ ಪರೀಕ್ಷೆ ಮುಗಿಯಿತು, ರೆಕ್ಕೆ ಗುಜರಿಗೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ರೆಕ್ಕೆ ಗುಜರಿಗೆ ಹೋದರೆ ಈ ವರ್ಷ ವಿಮಾನವಿಲ್ಲ. ಗೆದ್ದರೆ ಮುಂದಿನ ವಾರ ತಮ್ಮ ಅದರೊಳಗೆ ಕೂರುತ್ತಾನೆ. ಹಿಂದಿನ ದಿನ ಅಮ್ಮ ಫೋನಿನಲ್ಲಿ, “ನೀನೇ ಮಾಡಿದ ರೆಕ್ಕೆ ತಾನೇ, ಇನ್ನು ನನಗ್ಯಾಕೆ ಭಯ?” ಎಂದಿದ್ದಳು. ಅಲ್ಲಿಗೆ ಅಮ್ಮನ ಪಾಲಿನ ಭಯವೂ ಇವಳ ಮಡಿಲಿಗೆ ಬಂದು ಬಿದ್ದಿತ್ತು.

ಚೀಲಗಳ ಕೊನೆಯ ಸಾಲು ಶುರುವಾಯಿತು. ತಲೆಯ ಮೇಲೆ ಎಲ್ಲೋ ‘ಟಿಕ್’ ಎಂದಿತು.

ಅವಳಿಗೆ ಆ ಸದ್ದಿನ ಗುರುತು ಚೆನ್ನಾಗಿತ್ತು. ಜೋಡಣೆಯ ಅಂಚಿನಿಂದ ಹೊರಗೆ ಒಸರಿ ಒಣಗಿದ ಅಂಟಿನ ಹನಿ ಸಿಡಿಯುವ ಸದ್ದು. ಅದರಿಂದ ಜೋಡಣೆಗೆ ಏನೂ ಆಗುವುದಿಲ್ಲ. ಒಡೆಯುವ ಜೋಡಣೆ ಹಾಗೆ ಟಿಕ್ ಅನ್ನುವುದಿಲ್ಲ, ಹಸಿ ಬಟ್ಟೆ ಹರಿದಂತೆ ಪರ್ರೆನ್ನುತ್ತದೆ. ಇದನ್ನು ಹೊಸಬರಿಗೆಲ್ಲ ಹೇಳಿಕೊಟ್ಟವಳೇ ಅವಳು.

“ಸಾಕು,” ಎಂದಳು.

ಚೀಲ ಎತ್ತಿದವರು ಎತ್ತಿದಂತೆಯೇ ನಿಂತರು. ಕ್ಯಾಪ್ಟನ್ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಮೇಷ್ಟ್ರು ಕನ್ನಡಕ ತೆಗೆದರು. ತಮ್ಮ ಮಾತ್ರ ಬಗ್ಗಿ, ತೆವಳಿಕೊಂಡು ಅವಳ ಪಕ್ಕಕ್ಕೆ ಬಂದ. ಜೋಡಣೆಗೆ ಅಂಗೈ ಒತ್ತಿದ. ಆಮೇಲೆ ಕಿವಿ ಇಟ್ಟ.

“ಎಲ್ಲಿ ಅಕ್ಕಾ?”

ಅವಳು ಮುಖ ತಿರುಗಿಸಿದಳು.

ಅವನು ದನಿ ತಗ್ಗಿಸಿದ. “ಸಾಕಾಗಿದ್ದು ರೆಕ್ಕೆಗಾ, ನಿನಗಾ?”

“ನನಗೆ ಕಣೋ,” ಎಂದಳು. “ನನ್ನ ಕೈಲಿ ಆಗಲ್ಲ. ನೀನು ಮೇಲಿದ್ದಾಗ ನಾನು ಕೆಳಗೆ ನಿಂತು ನೋಡ್ತಾ ಇರಬೇಕಲ್ಲ, ಅದು ಆಗಲ್ಲ.”

“ಹಾಗಾದ್ರೆ ಹಾಗೆ ಹೇಳು. ರೆಕ್ಕೆ ಮೇಲೆ ಯಾಕೆ ಹಾಕ್ತೀಯ? ಪಾಪ, ಅದೇನು ಮಾಡಿದೆ?” ಎಂದವನು ಅವಳ ಹೆಲ್ಮೆಟ್ ಬಿಚ್ಚಿ ತನ್ನ ತಲೆಗೆ ಹಾಕಿಕೊಂಡ. ಹೊರಗೆ ಕೇಳುವಂತೆ ಕೂಗಿದ: “ಸರ್, ಅಕ್ಕನಿಗೆ ಕಾಲು ಜೋಮು ಹಿಡಿದಿದೆಯಂತೆ! ರೆಕ್ಕೆಗೆ ಏನೂ ಆಗಿಲ್ಲ. ಅಂಟು ಹಚ್ಚಿದ್ದು ಅವಳು, ಕಲಸಿಕೊಟ್ಟಿದ್ದು ನಾನು. ಇನ್ನು ಉಳಿದಿದ್ದಕ್ಕೆ ನಾನು ಕೂರ್ತೀನಿ.”

ಅವಳು ಹೊರಗೆ ಬಂದಳು. ಕಾಲು ನಿಜಕ್ಕೂ ನಿಲ್ಲಲಿಲ್ಲ. ಯಾರೂ ಅವಳ ಮುಖ ನೋಡಲಿಲ್ಲ. ಮೇಷ್ಟ್ರು ಮಾತ್ರ ನೋಡಿದರು.

“ಹೌದೇನಮ್ಮ? ಜೋಮೇನಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಸರಿ. ಹಾಗಿದ್ರೆ ಉಳಿದ ಸಾಲು ನೀನೇ ಇಡು.”

ಇಟ್ಟಳು. ಒಂದೊಂದು ಚೀಲಕ್ಕೂ ಕೆಳಗಿನಿಂದ, “ಸದ್ದಿಲ್ಲ, ಇಡಕ್ಕಾ,” ಎಂಬ ದನಿ ಬರುತ್ತಿತ್ತು. ನಡುವೆ ಒಮ್ಮೆ, “ಇಲ್ಲಿ ತಣ್ಣಗಿದೆ, ನಿದ್ದೆ ಬರ್ತಿದೆ,” ಎಂದ. ಹುಡುಗರು ಹಗುರಾಗಿ ನಕ್ಕರು. ಕ್ಯಾಪ್ಟನ್ ಎದ್ದು ಬಂದು ರೆಕ್ಕೆಯ ತುದಿಯ ಬಳಿ ಉಸಿರು ಬಿಗಿಹಿಡಿದು ನಿಂತಳು.

ಉಳಿದದ್ದು ಒಂದೇ ಚೀಲ. ಅಕ್ಕ ಅದನ್ನು ಎತ್ತಿ, ಗುರುತು ಹಾಕಿದ ಜಾಗದ ಮೇಲೆ, ಚೂರೂ ಆಚೀಚೆ ಆಗದಂತೆ ಇಟ್ಟಳು. ಎಲ್ಲರೂ ಕಿವಿ ನಿಮಿರಿಸಿದರು. ಎಷ್ಟು ಹೊತ್ತಾದರೂ ರೆಕ್ಕೆ ಟಿಕ್ ಅನ್ನಲಿಲ್ಲ, ಒಂದು ಎಳೆಯಷ್ಟೂ ಬಾಗಲಿಲ್ಲ.

“ನಿಂತಿತು!” ಕ್ಯಾಪ್ಟನ್ ಚಪ್ಪಾಳೆ ತಟ್ಟಲು ಕೈಯೆತ್ತಿದಳು.

ಮೇಷ್ಟ್ರು ಬೇಡವೆಂಬಂತೆ ಅವಳನ್ನು ತಡೆದರು. ಹತ್ತಿರ ಬಂದು, ಚೀಲದ ಎರಡು ಬದಿಯಲ್ಲಿ ಬಿಳುಚಿಕೊಂಡಿದ್ದ ಅಕ್ಕನ ಹತ್ತು ಬೆರಳುಗಳನ್ನು ನೋಡಿದರು.

“ಬಿಡಮ್ಮ,” ಎಂದರು ಮೆಲ್ಲಗೆ. “ನೀನು ಹಿಡ್ಕೊಂಡಿರೋ ತನಕ ಅದರ ಭಾರ ರೆಕ್ಕೆಗೆ ತಾಗೋದಿಲ್ಲ.”