ಮೊದಲ ಹನಿ

ಮದುವೆಗೆ ಮುಂಚಿನ ಪ್ರೀತಿ ಪರೀಕ್ಷೆಗೆ ಬಂದ ಜೋಡಿಗಳು ಲ್ಯಾಬಿನ ಹೊರಗೆ ಕಾಯುತ್ತಿದ್ದವು. ಒಳಗೆ ಅಂಬಕ್ಕ ದಿನದಂತೆ ಪ್ರೀತಿ ಪತ್ತೆಹಚ್ಚುವ ಪ್ರತಿಕಾಯದ ದ್ರಾವಣದ ಮೊದಲ ಹನಿಯನ್ನು ತನ್ನ ಮಣಿಕಟ್ಟಿಗೇ ಬಿಟ್ಟುಕೊಂಡಳು. ಜೀವಕೋಶಗಳ ಮೇಲೆ ಪ್ರೀತಿಯ ಗ್ರಾಹಕ, ಅಂದರೆ ರಿಸೆಪ್ಟರ್, ಮೂಡಿದ್ದರೆ ಹನಿ ಹಸಿರಾಗಿ ಹೊಳೆಯುತ್ತದೆ. ಗಂಡ ತೀರಿಕೊಂಡ ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಹೊಳೆಯದ ಅವಳ ಕೈಯೇ ಲ್ಯಾಬಿಗೆ ಅಳತೆಗೋಲು; ಅದು ಹೊಳೆದರೆ ಬಾಟಲಿಯ ದ್ರಾವಣವೇ ಕೆಟ್ಟಿದೆ ಎಂದರ್ಥ.

ಇವತ್ತು ಅದು ಝಗ್ಗನೆ ಹೊಳೆಯಿತು.

"ಬಾಟ್ಲಿ ಕೆಟ್ಟೈತ್ರಿ ಅಕ್ಕಾರ!" ಎನ್ನುತ್ತ ಜೊತೆಗಾತಿ ಜೈನಾಬಿ ತನ್ನ ಕೈಗೂ ಒಂದು ಹನಿ ಬಿಟ್ಟುಕೊಂಡಳು. ಏನೂ ಆಗಲಿಲ್ಲ. "ಮದುವಿಯಾಗಿ ಆರು ವರ್ಷ, ನಂದು ಹೊಳೀವಲ್ದು! ಯಾರ್ರೀ ಅಂವಾ?"

"ಬೆವರಿಗೆ ಹಂಗಾಕ್ಕತಿ, ಬಿಡವಾ," ಎಂದು ಅಂಬಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ನಗು ಮಾತ್ರ ಮುಚ್ಚಲಾಗಲಿಲ್ಲ.

ಬಾಟಲಿಗಳಿಗೆ ಐಸು ತರುವ ಬಸಲಿಂಗಪ್ಪ ಮೂರು ವರ್ಷದಿಂದ ಅವಳನ್ನು ಚಹಾಕ್ಕೆ ಕರೆದು ಕರೆದು, ಕಳೆದ ವಾರ ಕರೆಯುವುದನ್ನೇ ಬಿಟ್ಟಿದ್ದ. ಇವತ್ತು ತಾನಾಗಿಯೇ ಅವನನ್ನು ಚಹಾಕ್ಕೆ ಕರೆಯುವುದೆಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿದಳು.